ಉದಯನ ಜಾಗದಲ್ಲಿ ಯಾರು

ಜುಲೈ 21, ಸೋಮವಾರ

ಇವತ್ತಿನಿಂದ ನಾನು ಕೆಲಸಕ್ಕೆ ಹೋಗುವವಳು. ಮೂರು ಬಂದರುಗಳ ಮೀನುಗಾರರ ಸಂಘ, ಹೊನ್ನಾವರ ಕಚೇರಿ, 'ಕಂಪ್ಯೂಟರ್ ಸಹಾಯಕಿ'. ಯಾರಿಗೆ ಸಹಾಯಕಿ ಎಂದು ಕೇಳಿದೆ. ಗುಮಾಸ್ತ ರವೀಂದ್ರಣ್ಣನಿಗೆ ಎಂದರು. ಅವರು ಎರಡೇ ಬೆರಳಲ್ಲಿ ಟೈಪ್ ಮಾಡುವುದನ್ನು ನೋಡಿದೆ. ಸಹಾಯ ಬೇಕಾಗಿರುವುದು ನಿಜ.

"ಅರ್ಚಿತಾ, ನೀ ಕಾಲೇಜು ಯಾಕೆ ಬಿಟ್ಟೆ?" ಎಂದು ಅಧ್ಯಕ್ಷ ಮಾದೇವಣ್ಣ ಕೇಳಿದರು. ಹೇಳಿದೆ. ಪಿಯುಸಿ ಮೊದಲ ವರ್ಷದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ, 'ಇದರ ಉತ್ತರ ನನಗೆ ಗೊತ್ತಿಲ್ಲ, ಪಾಠ ಮಾಡಿದವರಿಗೆ ಗೊತ್ತಿದೆ ಎಂದೂ ನನಗೆ ಅನಿಸಿಲ್ಲ' ಎಂದು ಬರೆದಿದ್ದೆ. ಕ್ಷಮಾಪಣೆ ಪತ್ರ ಕೊಡು ಎಂದರು. ವಾಕ್ಯದ ಮೊದಲ ಅರ್ಧಕ್ಕೆ ಮಾತ್ರ ಕ್ಷಮೆ ಕೇಳಿ ಪತ್ರ ಕೊಟ್ಟು ಮನೆಗೆ ಬಂದೆ.

"ಇಲ್ಲಿ ಹಂಗೆಲ್ಲ ಬರೀಬೇಡ ಮಾರಾಯ್ತಿ" ಎಂದರು ಮಾದೇವಣ್ಣ.

ಅದಕ್ಕೇ ಈ ಡೈರಿ ಇರುವುದು. ನಿಯಮ ಒಂದೇ: ನಡೆದದ್ದನ್ನು ನಡೆದ ಹಾಗೆ ಬರೆಯುವುದು, ನನ್ನ ಮಾನ ಹೋದರೂ. ಮನೆಯಲ್ಲಿಟ್ಟರೆ ಅಮ್ಮ ಓದುತ್ತಾಳೆ. ಆಫೀಸಿನ ಡ್ರಾವರಿನಲ್ಲೇ ಇರಲಿ.

ಕೆಲಸ ಏನೆಂದರೆ, ದಿನಾ ಯಾವ ಬೋಟಿನಲ್ಲಿ ಯಾರು ಕಡಲಿಗೆ ಹೋದರು ಎಂದು ಕಂಪ್ಯೂಟರಿನಲ್ಲಿ ಇರಬೇಕು. ಯಾಕೆಂದರೆ ಕಳೆದ ವರ್ಷ ಒಂದು ಬೋಟು, ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿತು. ಒಬ್ಬ ಸಿಗಲಿಲ್ಲ. ಸಂಘದವರು ಭಟ್ಕಳದ ಅಳ್ವೆಕೋಡಿಗೆ ಹೋಗಿ ಮಾಸ್ತಮ್ಮ ಎಂಬವರಿಗೆ, ನಿಮ್ಮ ಮಗ ಉದಯ ಹೋದ ಎಂದು ಹೇಳಿದರು. ಅವರು ಎರಡು ತಾಸು ಎದೆ ಬಡಿದುಕೊಂಡು ಅತ್ತರು. ಆಮೇಲೆ ಉದಯ ಬೈಕಿನಲ್ಲಿ ಬಂದು, ಯಾರು ಸತ್ತದ್ದು ಎಂದು ಕೇಳಿದನಂತೆ. ಅವನು ಆ ದಿನ ತನ್ನ ಬದಲಿಗೆ ಬೇರೆಯವನನ್ನು ಕಳಿಸಿದ್ದ. ನಿಜವಾಗಿ ಹೋದವನ ಮನೆಯಲ್ಲಿ ಅಷ್ಟು ಹೊತ್ತೂ ಮಧ್ಯಾಹ್ನದ ಅಡುಗೆ ನಡೆಯುತ್ತಿತ್ತು. ಅವರಿಗೆ ಸುದ್ದಿ ತಿಳಿದದ್ದು ಪಕ್ಕದ ಮನೆಯವರ ವಾಟ್ಸಾಪ್ ಸ್ಟೇಟಸ್ಸಿನಿಂದ.

ಅಂದಿನಿಂದ ಸಂಘ ಎರಡು ಕೆಲಸ ಮಾಡಿದೆ. ಬದಲಿ ಹೋಗುವುದನ್ನು ನಿಷೇಧಿಸಿದೆ. ನನ್ನನ್ನು ತಂದಿದೆ. ದಸರೆಯ ತನಕ ಪರೀಕ್ಷೆ, ಸರಿ ಬಂದರೆ ಕಾಯಂ. ಕಾಯಂ ಆಗದಿದ್ದರೆ ಮತ್ತೆ ಪಿಯುಸಿ ಪರೀಕ್ಷೆಗೆ ಕಟ್ಟಿಸುತ್ತೇನೆ ಎಂದು ಅಮ್ಮ ಹೆದರಿಸಿದ್ದಾಳೆ.

ಐದು ಗಂಟೆಗೆ ಸರಿಯಾಗಿ ಎದ್ದು ಹೊರಟೆ. ಐದು ಅಂದರೆ ಐದು.

ಜುಲೈ 23, ಬುಧವಾರ

ಇವತ್ತು ಯುದ್ಧ. ಗೆದ್ದೆ.

ಕಾಲೇಜು ಬಿಟ್ಟ ಮೇಲೆ ಕುಮಟೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಒಂದು ವರ್ಷ ಸಂಬಳವಿಲ್ಲದೆ ಕಲಿಯಲು ಇದ್ದೆನಲ್ಲ, ಅಲ್ಲಿ ಎಲ್ಲರ ಲಾಗಿನ್ನೂ ಒಂದು ಡೈರೆಕ್ಟರಿ ಸರ್ವರಿನಲ್ಲಿತ್ತು. ನೋಡಿಕೊಳ್ಳುತ್ತಿದ್ದ ಸರ್ ಕೆಲಸ ಬಿಟ್ಟಾಗ ಅದು ನನ್ನ ಕೊರಳಿಗೆ ಬಿತ್ತು. ನನಗೆ ಚೆನ್ನಾಗಿ ಬರುವ ವಿದ್ಯೆ ಅದೊಂದೇ. ಹಾಗಾಗಿ ಅದೇ ಶ್ರೇಷ್ಠ ಎಂದು ಇವತ್ತು ಸಭೆಯಲ್ಲಿ ಹೇಳಿದೆ. (ಕಾರಣ ಇದೇ ಎಂದು ಸಭೆಯಲ್ಲಿ ಹೇಳಲಿಲ್ಲ. ಯಾರೂ ಕೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.)

ಡೈರೆಕ್ಟರಿ ಅಂದರೆ ಬುಡ ಮೇಲೆ, ಕೊಂಬೆ ಕೆಳಗೆ ಇರುವ ಮರ. ಎಲ್ಲಕ್ಕಿಂತ ಮೇಲೆ ಸಂಘ. ಅದರ ಕೆಳಗೆ ಮೂರು ಬಂದರು: ಭಟ್ಕಳ, ಹೊನ್ನಾವರ, ಕುಮಟೆ ಕಡೆಯ ತದಡಿ. ಬಂದರಿನ ಕೆಳಗೆ ಬೋಟುಗಳು. ಬೋಟಿನ ಕೆಳಗೆ ಜನ. ಒಬ್ಬ ಮನುಷ್ಯನಿಗೆ ಒಂದೇ ಕೊಂಬೆ. ಹುಡುಕಿದರೆ ಕಣ್ಣು ಮಿಟುಕಿಸುವುದರಲ್ಲಿ ಸಿಗುತ್ತಾನೆ. ಹೆಸರಿನ ಪಕ್ಕ ಹಸಿರು ಚುಕ್ಕೆ ಇದ್ದರೆ ಕಡಲಲ್ಲಿ, ಬೂದು ಇದ್ದರೆ ದಡದಲ್ಲಿ.

ರವೀಂದ್ರಣ್ಣ ಕೈ ಎತ್ತಿದರು. ಶಾಲೆಯಲ್ಲಿ ಎತ್ತಿದ ಹಾಗೆ.

"ಡೇಟಾಬೇಸ್ ಮಾಡುವಾ. ಟೇಬಲ್ಲು. ಜನರದ್ದು ಒಂದು, ಬೋಟಿನದ್ದು ಒಂದು. ಮೂರನೇದು, ಯಾವ ತಾರೀಕಿಗೆ ಯಾರು ಯಾವ ಬೋಟಲ್ಲಿ ಹೋದ ಅಂತ. ದಿನಾ ಹೊಸ ಸಾಲು."

"ದಿನಾ ನಾನೂರು ಸಾಲು! ಒಬ್ಬ ಇವತ್ತೂ ಅದೇ ಬೋಟು, ನಾಳೆಯೂ ಅದೇ ಬೋಟು. ಅದನ್ನೇ ದಿನಾ ಎಂತಕ್ಕೆ ಬರೀಬೇಕು?"

"ಅದೇ ಬೋಟು ಅಂತ ನಿಂಗೆ ಯಾರು ಹೇಳಿದ್ರು?"

"ಬದಲಿ ಹೋಗೂಕಿಲ್ಲ ಅಂತ ನಿಮ್ಮದೇ ನಿಯಮ ಇದೆಯಲ್ಲ!"

ರವೀಂದ್ರಣ್ಣ ಕೈ ಕೆಳಗಿಳಿಸಿದರು. ಅಷ್ಟರಲ್ಲಿ ನಾನು ಮರದ ಚಿತ್ರವನ್ನು ಗೋಡೆಯ ಮೇಲೆ ತೋರಿಸಿದೆ. ತುತ್ತತುದಿಯಲ್ಲಿ 'ಸಂಘ' ಎಂದಿದ್ದ ಕಡೆ, 'ಅಧ್ಯಕ್ಷರು: ಮಾದೇವ' ಎಂದು ಬೆಳಿಗ್ಗೆಯೇ ಸೇರಿಸಿಟ್ಟಿದ್ದೆ. ಮಾದೇವಣ್ಣ ಎದ್ದು ಹತ್ತಿರ ಹೋಗಿ ತಮ್ಮ ಹೆಸರನ್ನು ಓದಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು.

"ಇದೇ ಇರ್ಲಿ. ನೋಡೂಕೆ ಲಾಯ್ಕಿದೆ" ಎಂದರು. ಆತು. ಮುಗಿಯಿತು.

ಜುಲೈ 30, ಬುಧವಾರ

412 ಜನ. 61 ಬೋಟು. ಎಲ್ಲರೂ ಕೊಂಬೆಯಲ್ಲಿ ಕೂತಿದ್ದಾರೆ. ಉದಯ ಎಂಬ ಹೆಸರಿನವರೇ ಒಂಬತ್ತು ಜನ, ಆದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದಿಲ್ಲ. ಬೋಟಿನ ಹೆಸರು ಸೇರಿಯೇ ಅವರ ಪೂರ್ತಿ ಹೆಸರು. 'ಉದಯ, ಸಾಗರಸಿರಿ, ಹೊನ್ನಾವರ, ಸಂಘ.' ದೇವರಿಗೂ ಇಷ್ಟು ಶಿಸ್ತಿನ ವಿಳಾಸ ಇರಲಿಕ್ಕಿಲ್ಲ.

ಆಗಸ್ಟ್ 1, ಶುಕ್ರವಾರ

ಎರಡು ತಿಂಗಳ ಮೀನುಗಾರಿಕೆ ರಜೆ ಮುಗಿದು ಇವತ್ತು ಬೋಟು ಬಿಟ್ಟರು. ಹೊನ್ನಾವರದ ಗೇಟಿನಲ್ಲಿ ನಾನೇ ಟ್ಯಾಬ್ಲೆಟ್ ಹಿಡಿದು ನಿಂತಿದ್ದೆ. ನಸುಕಿನ ನಾಲ್ಕೂವರೆಯಿಂದ. ನಾನು ಹೆಸರು ಕೇಳಿದರೆ ಅವರು ಊರು ಹೇಳುತ್ತಾರೆ, ಊರು ಕೇಳಿದರೆ ಅಪ್ಪನ ಹೆಸರು. ಒಬ್ಬ ಅಜ್ಜ, "ನನ್ನ ಹೆಸರು ಕಡಲಿಗೆ ಗೊತ್ತಿದೆ, ನಿಂಗೆ ಎಂತಕ್ಕೆ?" ಎಂದ. ಕಡಲು ವರದಿ ಕೊಡುವುದಿಲ್ಲ ಅಜ್ಜಾ ಎಂದೆ. ನಕ್ಕು ಹೆಸರು ಹೇಳಿದ.

ಆಗಸ್ಟ್ 9, ಶನಿವಾರ

ನೂಲ ಹುಣ್ಣಿಮೆ. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟರು. ಬಂದ ಅತಿಥಿಗಳನ್ನೆಲ್ಲ ಮಾದೇವಣ್ಣ ಆಫೀಸಿಗೆ ಕರೆತಂದು ಮರ ತೋರಿಸಿದರು. ಎಲ್ಲರಿಗೂ ಮೇಲಿನ ಸಾಲನ್ನೇ ತೋರಿಸಿದ್ದು. ಕೆಳಗಿನ 412 ಜನರ ತನಕ ಯಾರೂ ಬರಲಿಲ್ಲ.

ಒಬ್ಬ ಬೋಟು ಬದಲಿಸಿದ. ಅವನನ್ನು ಒಂದು ಕೊಂಬೆಯಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದೆ. ಎರಡು ಸೆಕೆಂಡು.

ರವೀಂದ್ರಣ್ಣ ಬೆನ್ನ ಹಿಂದೆ ನಿಂತಿದ್ದರು. "ಇವ ನಿನ್ನೆ ಎಲ್ಲಿದ್ದ ಅಂತ ಈಗ ಹೆಂಗೆ ನೋಡೂದು?"

"ನಿನ್ನೆ ಯಾರಿಗೆ ಬೇಕು ರವೀಂದ್ರಣ್ಣ? ಇವತ್ತು ಎಲ್ಲಿದ್ದಾನೆ ನೋಡಿ."

ಅವರು ತಮ್ಮ ಹಳೆಯ ಉದ್ದ ಪುಸ್ತಕ ತೆಗೆದು ಏನೋ ಬರೆದುಕೊಂಡರು. ತಾರೀಕು ಹಾಕಿಯೇ ಬರೆದಿರುತ್ತಾರೆ. ಉಸಿರಾಡುವುದಕ್ಕೂ ತಾರೀಕು ಹಾಕುವ ಮನುಷ್ಯ.

ಆಗಸ್ಟ್ 20, ಬುಧವಾರ

ಗೇಟಿನಲ್ಲಿ ಒಂದು ತಮಾಷೆ. ಸಾಗರಸಿರಿಯ ಸಾಲಿನಲ್ಲಿ ಒಬ್ಬ ಬಿಳಿಯ, ಸಪೂರ ಮನುಷ್ಯ, ತಲೆಗೆ ನೀಲಿ ಕ್ಯಾಪು, ಕೈಯಲ್ಲಿ ಕೆಂಪು ರಬ್ಬರ್ ಬ್ಯಾಂಡ್ ಹಾಕಿದ ಊಟದ ಡಬ್ಬಿ. ಹೆಸರು ಕೇಳಿದೆ.

"ಅರುಣ. ಬಾಡದವ. ಉದಯನ ಬದಲಿ."

"ಯಾವ ಬಾಡ?"

"ಕುಮಟೆ ಹತ್ರದ ಬಾಡ. ನಂದು ತರಕಾರಿ ಟೆಂಪೋ. ಗೇರ್‌ಬಾಕ್ಸ್ ಹೋಗಿ ಗ್ಯಾರೇಜಲ್ಲಿದೆ. ಉದಯ ಎಲ್ಲೋ ಹೋಗ್ತೆ ಅಂದ, ಜಾಗ ಬಿಟ್ರೆ ಬೇರೆಯವ್ರು ಹೊಕ್ತ್ರು, ನೀ ಕೂತ್ಕ ಅಂದ. ಹತ್ತು ವರ್ಷ ಆತು ಕಡಲಿಗೆ ಹೋಗ್ದೆ. ವಾಂತಿ ಮಾಡೂರಿಗೂ ಇದ್ರಲ್ಲಿ ಜಾಗ ಇದೆಯಾ?"

ಬದಲಿಗೆ ನಿಷೇಧ ಇದೆ ಎಂದೆ. ಹಾಗಾದರೆ ಹಿಂದೆ ಹೋಗಲಾ ಎಂದ. ಬೋಟು ನಡೆಸುವ ತಾಂಡೇಲ ಅಲ್ಲಿಂದಲೇ ಕೂಗಿದ, ಹತ್ತೋ ಬೇಗ ಎಂದು. ಹಿಂದೆ ಐವತ್ತು ಜನ ಸಾಲಿನಲ್ಲಿದ್ದರು. ಅವನ ಹೆಸರು ಸೇರಿಸಲು ನೋಡಿದೆ. ಸಾಗರಸಿರಿಯಲ್ಲಿ ಉದಯನ ಕೊಂಬೆ ಇದೆ. ಉದಯನ ಕೊಂಬೆಯಲ್ಲಿ ಅರುಣನನ್ನು ಕೂರಿಸಲು ಮರ ಒಪ್ಪುವುದಿಲ್ಲ.

"ನಿಮ್ಮನ್ನು ಹಾಕೂಕೆ ಇದರಲ್ಲಿ ಜಾಗ ಇಲ್ಲ. ಉದಯ ಅಂತಲೇ ಹೇಳಿ. ನಾಳೆಯಿಂದ ಬೇರೆಯವರು ಕೇಳಿದರೂ ಉದಯ ಅಂತಲೇ ಹೇಳಿ" ಎಂದು ನಾನೇ ಹೇಳಿಕೊಟ್ಟೆ. ಉದಯನಿಗೆ ಹಸಿರು ಚುಕ್ಕೆ ಹಾಕಿದೆ.

ನಿಯಮ ಮಾಡಿದ ಅಧ್ಯಕ್ಷರಿಗೆ ಇದು ಗೊತ್ತಿರಬೇಕಿತ್ತು. ಅವರ ತಲೆಯಲ್ಲಿ ನಾಲ್ಕು ಬಲೆ ಒಣಗಿಸುವಷ್ಟು ಖಾಲಿ ಜಾಗ ಇದೆ. ರವೀಂದ್ರಣ್ಣನಿಗೆ ಹೇಳಿದರೆ ಮತ್ತೆ ತಾರೀಕು, ತಾರೀಕು ಎಂದು ಸ್ಮಶಾನದ ಕಾವಲುಗಾರನ ಹಾಗೆ ಗುನುಗುತ್ತಾರೆ. ಹೇಳಲಿಲ್ಲ.

ನಾಳೆಯಿಂದ ಗೇಟಿಗೆ ಕಲ್ಪನಾ ಎಂಬವಳು ಬರುತ್ತಾಳೆ. ನನಗೆ ನಿದ್ದೆ.

ಆಗಸ್ಟ್ 28, ಗುರುವಾರ

ನಿನ್ನೆ ಚೌತಿ. ಇಡಗುಂಜಿಗೆ ಹೋಗುವವರಿಂದ ರಸ್ತೆಯೆಲ್ಲ ತುಂಬಿತ್ತು. ಬೋಟುಗಳು ದಡದಲ್ಲಿ. 412 ಬೂದು ಚುಕ್ಕೆ. ನೋಡಿದರೆ ಹಾಯೆನಿಸುತ್ತದೆ. ಯಾಕೆಂದು ಗೊತ್ತಿಲ್ಲ.

ಕಲ್ಪನಾ ಪಂಚಕಜ್ಜಾಯ ತಂದಿದ್ದಳು. ತಿನ್ನುತ್ತಾ ಹೇಳಿದಳು: ಕಳೆದ ವರ್ಷ ಮಾಸ್ತಮ್ಮನ ಮನೆ ಬಾಗಿಲಿಗೆ ಹೋಗಿ, ನಿಮ್ಮ ಮಗ ಹೋದ ಎಂದು ಹೇಳಿದ್ದು ರವೀಂದ್ರಣ್ಣ. ಬೇರೆ ಯಾರೂ ಹೋಗಲು ಒಪ್ಪಲಿಲ್ಲವಂತೆ. ಅವರು ಆಮೇಲೆ ಹದಿನೈದು ದಿನ ಆಫೀಸಿಗೆ ಬರಲಿಲ್ಲವಂತೆ.

ಇಪ್ಪತ್ತನೇ ತಾರೀಕಿನ ಪುಟವನ್ನು ತೆಗೆದು ನೋಡಿದೆ. ಸ್ಮಶಾನದ ಕಾವಲುಗಾರ ಎಂದು ಬರೆದಿದ್ದೇನೆ. ಹರಿದು ಬಿಸಾಡೋಣ ಎಂದು ಮೂಲೆ ಹಿಡಿದೆ. ಆದರೆ ನಿಯಮ ಇದೆಯಲ್ಲ, ದರಿದ್ರದ್ದು. ಬಿಟ್ಟೆ.

ಸೆಪ್ಟೆಂಬರ್ 8, ಸೋಮವಾರ. ಬಾಡ, ಹೇಮಕ್ಕನ ಮನೆಯ ಜಗಲಿ

ಮಧ್ಯಾಹ್ನ ಎರಡಕ್ಕೆ ಬರಬೇಕಿದ್ದ ಸಾಗರಸಿರಿ ಮೂರೂವರೆಯಾದರೂ ಬರಲಿಲ್ಲ. ವೈರ್‌ಲೆಸ್ಸಿನಲ್ಲಿ ಉತ್ತರ ಇಲ್ಲ. ಗಾಳಿ ಎದ್ದಿತ್ತು. ಹುಡುಕಲು ಎರಡು ಬೋಟು ಹೋದವು. ಕರಾವಳಿ ಪೊಲೀಸರು ಫೋನ್ ಮಾಡಿ, ಬೋಟಿನಲ್ಲಿ ಯಾರಿದ್ದಾರೆ ಪಟ್ಟಿ ಕೊಡಿ ಎಂದರು. ಎರಡು ಸೆಕೆಂಡಿನಲ್ಲಿ ಕೊಟ್ಟೆ. ಏಳು ಹೆಸರು, ಏಳು ಹಸಿರು ಚುಕ್ಕೆ. ನನಗೆ ಹೆಮ್ಮೆಯೂ ಆಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು.

ರವೀಂದ್ರಣ್ಣ ಪಟ್ಟಿಯನ್ನು ಓದುತ್ತಾ ಐದನೇ ಹೆಸರಿಗೆ ನಿಂತರು.

"ಉದಯ. ಅಳ್ವೆಕೋಡಿ."

ಮಾದೇವಣ್ಣ ಹಣೆ ಒತ್ತಿಕೊಂಡರು. "ಮತ್ತೆ ಅದೇ ಮನೆಯಾ? ಹೋಗಿ ಹೇಳ್ಬೇಕಲ್ಲ ಮಾರಾಯಾ. ವಾಟ್ಸಾಪಲ್ಲಿ ಬರೂಕೆ ಮುಂಚೆ."

ರವೀಂದ್ರಣ್ಣ ಸ್ಕೂಟರಿನ ಕೀ ತೆಗೆದುಕೊಂಡರು. ಕೀ ಕೆಳಗೆ ಬಿತ್ತು. ಕಲ್ಪನಾ ಅದನ್ನು ಎತ್ತಿಕೊಡುತ್ತಾ ಅಳುಧ್ವನಿಯಲ್ಲಿ ಹೇಳಿದಳು: "ಪಾಪ, ಬೆಳಿಗ್ಗೆ ನಂಗೆ ಪೇರಲೆಹಣ್ಣು ಕೊಟ್ಟು ಹೋಗಿದ್ದ. ಬಿಳಿ ಬಿಳಿ ಇದ್ದ, ಸಪೂರ, ನೀಲಿ ಕ್ಯಾಪಿನವ."

"ಯಾರು?" ಎಂದರು ರವೀಂದ್ರಣ್ಣ.

"ಉದಯ."

"ಉದಯ ಕಪ್ಪು. ದಪ್ಪ. ನಾ ಅವ್ನ ಮನೇಲಿ ಎರಡು ತಾಸು ಅವ್ನ ಫೋಟೋ ನೋಡ್ಕಂಡು ಕೂತಿದ್ದೆ. ನಂಗೆ ಗೊತ್ತಿಲ್ಯಾ?"

ನನಗೆ ನೀಲಿ ಕ್ಯಾಪು ನೆನಪಾಯಿತು, ಡಬ್ಬಿ ನೆನಪಾಯಿತು. ಹೆಸರು ನೆನಪಾಗಲಿಲ್ಲ. ಹತ್ತೊಂಬತ್ತು ದಿನ ಆಗಿದೆ, ಅವನ ಹೆಸರಿಗಾಗಿ ನಾನು ಕಿವಿ ತೆರೆದದ್ದು ಅರ್ಧ ನಿಮಿಷ. ಉದಯನ ಫೋನು ಬಂದ್. ತಾಂಡೇಲನೂ ಅದೇ ಬೋಟಿನಲ್ಲಿ. ಮಂಗಳೂರಿನಲ್ಲಿರುವ ಮಾಲೀಕರಿಗೆ ಫೋನ್ ಮಾಡಿದರೆ, ಆಳುಗಳ ವಿಷಯ ತಾಂಡೇಲನಿಗೇ ಗೊತ್ತು ಎಂದರು. ಮರದಲ್ಲಿ ಹುಡುಕಿದರೆ? ಮರದಲ್ಲಿ ಅವನು ಹುಟ್ಟಿಯೇ ಇಲ್ಲ.

ಡ್ರಾವರ್ ಎಳೆದೆ. ಡೈರಿ ತೆಗೆದೆ. ಆಗಸ್ಟ್ 20.

"ಎಂತದು ಅದು?" ಎಂದರು ಮಾದೇವಣ್ಣ.

"ನನ್ನ ಡೈರಿ. ಬೋಟಿನಲ್ಲಿ ಇದ್ದವ ಉದಯ ಅಲ್ಲ. ಉದಯನ ಬದಲಿ."

"ಓದು. ಜೋರಾಗಿ ಓದು."

ಬೇಕಾದ ಸಾಲನ್ನಷ್ಟೇ ಓದಬಹುದಿತ್ತು. ಆದರೆ ನಾನೇ ಹೇಳಿಕೊಟ್ಟದ್ದೂ ಅದೇ ಪುಟದಲ್ಲಿತ್ತು. ಅದನ್ನು ಬಿಟ್ಟು ಓದಿದರೆ ಸುಳ್ಳು ಓದಿದ ಹಾಗೆ. ಒಮ್ಮೆ ಶುರು ಮಾಡಿದ ಮೇಲೆ ಎಲ್ಲಿ ನಿಲ್ಲಿಸುವುದೆಂದು ತಿಳಿಯಲಿಲ್ಲ. ಪೂರ್ತಿ ಓದಿದೆ. ಅರುಣ, ಬಾಡ, ಟೆಂಪೋ, ಗೇರ್‌ಬಾಕ್ಸ್. 'ಉದಯ ಅಂತಲೇ ಹೇಳಿ ಎಂದು ನಾನೇ ಹೇಳಿಕೊಟ್ಟೆ.' ನಾಲ್ಕು ಬಲೆ. ಸ್ಮಶಾನದ ಕಾವಲುಗಾರ.

ಡೈರಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ.

"ನಾಲ್ಕು ಬಲೆಯಾ?" ಎಂದರು ಮಾದೇವಣ್ಣ.

"ಹೌದು."

"ಅದನ್ನ ಆಮೇಲೆ ನೋಡ್ವಾ. ಮೊದ್ಲು ಬಾಡಕ್ಕೆ ಹೋಗಿ."

ಹೊರಡುವಾಗಲೇ ಆಫೀಸಿನ ಫೋನು ಹೊಡೆದುಕೊಂಡಿತು. ರವೀಂದ್ರಣ್ಣ ಎತ್ತಿ, ಹೆಸರು ಕೇಳಿದ ಕೂಡಲೇ ನನ್ನ ಕೈಗೆ ಕೊಟ್ಟುಬಿಟ್ಟರು. ಮಾಸ್ತಮ್ಮ. ಸುದ್ದಿ ಆಗಲೇ ಭಟ್ಕಳ ಮುಟ್ಟಿತ್ತು.

"ಈ ಸಲನೂ ನನ್ನ ಮಗನೇಯಾ?"

"ಅಲ್ಲ ಮಾಸ್ತಮ್ಮ. ಉದಯ ಆ ಬೋಟಲ್ಲಿ ಇಲ್ಲ."

"ಖರೆ ಹೇಳು."

"ಖರೆ. ಆದರೆ ಅವರು ಎಲ್ಲಿದ್ದಾರೆ ನನಗೆ ಗೊತ್ತಿಲ್ಲ. ಹತ್ತೊಂಬತ್ತು ದಿನದಿಂದ ಇಲ್ಲಿಗೆ ಬಂದಿಲ್ಲ."

"ಬದುಕಿದ್ದ ಅಲ್ದಾ? ಬರ್ಲಿ ಅವ. ನಾನೇ ಕೊಲ್ತೆ" ಎಂದು ಫೋನ್ ಇಟ್ಟರು.

ರವೀಂದ್ರಣ್ಣನ ಸ್ಕೂಟರಿನಲ್ಲಿ ಕುಮಟೆ ದಾಟಿದೆವು. ಬಾಡದಲ್ಲಿ ಅರುಣ ಎಂದರೆ ಮೂರು ಮನೆ ತೋರಿಸಿದರು. 'ಟೆಂಪೋ ಗ್ಯಾರೇಜಿನಲ್ಲಿರುವ ಅರುಣ' ಎಂದ ಮೇಲೆ ಒಂದೇ ಮನೆ ಆಯಿತು.

ಅವನ ಹೆಂಡತಿ ಹೇಮಕ್ಕ ಅಂಗಳದಲ್ಲಿ ಬಸಳೆ ಚಪ್ಪರಕ್ಕೆ ನೀರು ಹಾಕುತ್ತಿದ್ದರು. ರವೀಂದ್ರಣ್ಣ ಅಂಗಳದ ಆಚೆಯೇ ನಿಂತರು. ಒಂದು ಹೆಜ್ಜೆಯೂ ಮುಂದಿಡಲು ಆಗಲಿಲ್ಲ ಅವರಿಗೆ. ನಾನು ಹೋದೆ.

"ಹೊನ್ನಾವರದ ಸಂಘದಿಂದ ಬಂದದ್ದು. ಸಾಗರಸಿರಿ ಇನ್ನೂ ಬಂದಿಲ್ಲ. ಎಂತಾಗಿದೆ ನಮಗೆ ಗೊತ್ತಿಲ್ಲ. ಎರಡು ಬೋಟು ಹುಡುಕೂಕೆ ಹೋಗಿದೆ. ಅರುಣಣ್ಣ ಅದರಲ್ಲಿದ್ದಾರೆ."

ಅವರು ಕೊಡಪಾನವನ್ನು ನಿಧಾನ ಕೆಳಗಿಟ್ಟರು.

"ಅವ್ರು ಇದ್ರು ಅಂತ ನಿಮಗೆ ಹೆಂಗೆ ಗೊತ್ತಾತು? ಅವ್ರ ಹೆಸ್ರು ಅಲ್ಲಿ ಇಲ್ಲಲ. ಗೇಟಲ್ಲಿ ಒಂದು ಹುಡುಗಿ, ನಿಮ್ಮನ್ನ ಹಾಕೂಕೆ ಜಾಗ ಇಲ್ಲ ಅಂದ್ಳಂತೆ. ಹೇಳಿ ನಗಾಡಿದ್ರು ಇವ್ರು."

"ಆ ಹುಡುಗಿ ನಾನೇ."

ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ದಿನಾ ಬೈಸಾರಿ, ದೀಪ ಹಚ್ಚೂ ಹೊತ್ತಿಗೆ, ನಾ ಅದೇ ಯೋಚ್ನೆ ಮಾಡ್ತಿದ್ದೆ" ಎಂದರು. "ಇವ್ರಿಗೆ ಎಂತಾರೂ ಆದ್ರೆ, ಯಾರ ಮನೆಗೆ ಹೋಗಿ ಹೇಳ್ತ್ರು ಅಂತ."

ಆಮೇಲೆ ರವೀಂದ್ರಣ್ಣನನ್ನು ನೋಡಿ, "ಅವ್ರು ಎಂತಕ್ಕೆ ಅಲ್ಲೇ ನಿಂತಿದ್ರು? ಒಳಗೆ ಬರೂಕೆ ಹೇಳಿ. ನೀವು ಈಗ ಹೋಗ್ಬೇಡಿ. ಫೋನು ಬಂದ್ರೆ ಮೊದ್ಲು ನಿಮಗೇ ಬತ್ತದೆ ಅಲ್ದಾ?" ಎಂದರು.

ಹೋಗಲಿಲ್ಲ. ಫೋನಿಗೆ ಚಾರ್ಜು 41 ಇದೆ. ಹೇಮಕ್ಕನ ಚಾರ್ಜರ್ ಹಾಕಿದ್ದೇನೆ. ಅಮ್ಮನಿಗೆ ತಿಳಿಸಿದ್ದೇನೆ. ಇಲ್ಲಿಂದ ಕಡಲು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ.

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಏಳು ನಲವತ್ತಕ್ಕೆ ಫೋನು. ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡು ಎಂಜಿನ್ ನಿಂತಿತ್ತಂತೆ, ಬ್ಯಾಟರಿಗೆ ನೀರು ನುಗ್ಗಿತ್ತಂತೆ. ಎಳೆದುಕೊಂಡು ಬಂದು ತದಡಿಗೆ ಮುಟ್ಟಿಸಿದ್ದಾರೆ. ಏಳಕ್ಕೆ ಏಳೂ ಜನ.

ಅರುಣಣ್ಣನ ಕೈಗೆ ಯಾರೋ ಫೋನ್ ಕೊಟ್ಟರು. ಹೆಂಡತಿಯ ಹತ್ತಿರ ಆಡಿದ ಮೊದಲ ಮಾತು: "ಡಬ್ಬಿ ಕಡಲಿಗೆ ಬಿತ್ತು."

ಹೇಮಕ್ಕ ಆಗ ಬೈದರು. ಆ ಡಬ್ಬಿಗೆ, ಟೆಂಪೋಗೆ, ಗ್ಯಾರೇಜಿನವನಿಗೆ, ಉದಯನಿಗೆ, ನನಗೆ, ಸಾಲಾಗಿ ಎಲ್ಲರಿಗೂ. ನನ್ನ ಪಾಲಿಗೆ ಬಂದದ್ದನ್ನು ಇಲ್ಲಿ ಬರೆಯಬಹುದು, ಆದರೆ ಕಾಗದ ಸಾಲದು. ಕೇಳಲು ಎಷ್ಟು ಚೆನ್ನಾಗಿತ್ತು. ರವೀಂದ್ರಣ್ಣ ಜಗಲಿಯ ಕಂಬ ಹಿಡಿದು ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದೋಸೆ ತಿಂದು ಬಂದೆವು. ಡೈರಿ ಇನ್ನು ಬ್ಯಾಗಿನಲ್ಲೇ ಇರಲಿ, ಅಡಗಿಸಲು ಏನೂ ಉಳಿದಿಲ್ಲ.

ಸೆಪ್ಟೆಂಬರ್ 11, ಗುರುವಾರ

ಸಭೆ. ಹೋಗುವ ಮುಂಚೆ ರವೀಂದ್ರಣ್ಣ ಮೆತ್ತಗೆ ಹೇಳಿದರು, "ಮಶೀನಿನ ತಪ್ಪು ಅಂತ ಬರ್ಕಂಬ. ಯಾರೂ ಕೇಳೂಕಿಲ್ಲ. ನಿನ್ನ ಕೆಲ್ಸ ಉಳೀಲಿ."

ಮಶೀನು ಮಾಡಿದ್ದು ನಾನು ಹೇಳಿದ್ದನ್ನೇ ಎಂದೆ.

ಸಭೆಯಲ್ಲಿ ಎದ್ದು ಹೇಳಿದೆ. ಮರ ತಪ್ಪು. ನನಗೆ ಅದೊಂದೇ ಬರುತ್ತಿತ್ತು, ಅದಕ್ಕೇ ಅದನ್ನು ಹೊಗಳಿದೆ. ಮರಕ್ಕೆ ಗೊತ್ತಿರುವುದು ಯಾವ ಮನುಷ್ಯ ಯಾವ ಬೋಟಿನವನು ಎಂಬುದು. ನಮಗೆ ಬೇಕಾಗಿದ್ದು ಇವತ್ತು ಯಾರ ಜಾಗದಲ್ಲಿ ಯಾರು ಕೂತಿದ್ದಾರೆ ಎಂಬುದು. ಅವೆರಡೂ ಒಂದೇ ಎಂದು ನಾನು ತಿಳಿದೆ. ರವೀಂದ್ರಣ್ಣನ ಟೇಬಲ್ಲೇ ಸರಿ. ಆದರೆ ಗೇಟಿನಲ್ಲಿ ಸುಳ್ಳು ಹೇಳು ಎಂದು ನಾವೇ ಕಲಿಸಿದರೆ ಟೇಬಲ್ಲಿನಲ್ಲೂ ಸುಳ್ಳೇ ಇರುತ್ತದೆ. ಬದಲಿ ನಿಂತಿಲ್ಲ, ಅಡಗಿಕೊಂಡಿದೆ ಅಷ್ಟೆ. ನಿಷೇಧ ತೆಗೆಯಿರಿ.

"ಹಂಗಾದ್ರೆ ಮರ ಕಡಿಯೂದಾ?" ಎಂದರು ಮಾದೇವಣ್ಣ. ನಿಜವಾಗಿ ಬೇಸರದಲ್ಲಿ.

"ಬೇಡ. ಮೂರು ಗೇಟಿನ ಟ್ಯಾಬ್ಲೆಟ್ಟನ್ನು ಯಾರು ತೆರೆಯಬಹುದು, ಆಫೀಸಿನ ಕಂಪ್ಯೂಟರಿಗೆ ಯಾರ ಪಾಸ್‌ವರ್ಡು, ಅದಕ್ಕೆಲ್ಲ ಮರವೇ ಒಳ್ಳೆಯದು. ಅವರು ದಿನಾ ಬದಲಾಗುವುದಿಲ್ಲ. ಒಟ್ಟು ಒಂಬತ್ತು ಜನ."

"ಮೇಲೆ ನನ್ನ ಹೆಸ್ರು?"

"ಇರುತ್ತದೆ."

ಅವರು ಮೀಸೆ ಸವರಿಕೊಂಡರು. "ನನ್ನ ತಲೇಲಿ ನಾಲ್ಕು ಬಲೆ ಒಣಗ್ಸೂ ಜಾಗ ಇದೆಯಲ್ಲ, ಅಲ್ಲಿ ಇವ್ರ ಟೇಬಲ್ ಇಟ್ಕಣ್ಲಿ" ಎಂದರು. ಸಭೆಗೆ ಅರ್ಥವಾಗಲಿಲ್ಲ. ಕಲ್ಪನಾ ಮಾತ್ರ ಟ್ಯಾಬ್ಲೆಟ್ಟಿನ ಹಿಂದೆ ಮುಖ ಮುಚ್ಚಿಕೊಂಡಳು.

ನಿಷೇಧ ತೆಗೆದರು. ನನ್ನ ಕೆಲಸ ಇದೆಯೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ನೋಡುತ್ತೇನೆ.

ಉದಯ ಬಂದ. ಗೋವಾದ ಬೋಟಿನಲ್ಲಿದ್ದನಂತೆ. ಅವನ ಹಿಂದೆ ಮಾಸ್ತಮ್ಮ. ಕೊಲ್ಲಲಿಲ್ಲ. ಅವನ ಶರಟಿನ ತೋಳು ಹಿಡಿದುಕೊಂಡೇ ಇದ್ದರು, ಬಸ್ ಹತ್ತುವ ತನಕ. ರವೀಂದ್ರಣ್ಣನನ್ನು ನೋಡಿ, "ನೀ ಆ ದಿನ ಬಂದವ ಅಲ್ದಾ? ಒಂದು ಲೋಟ ಆಸ್ರಿಗೆನೂ ಕುಡೀದೇ ಹೋಗಿದ್ದೆ ನೀ. ಒಂದ್ಸಲ ಬಾ" ಎಂದರು.

ಸೆಪ್ಟೆಂಬರ್ 13, ಶನಿವಾರ

ಟೇಬಲ್, ಟೇಬಲ್, ಟೇಬಲ್. ಒಂದನ್ನು ಇನ್ನೊಂದಕ್ಕೆ ಕೂಡಿಸುವುದನ್ನು ರವೀಂದ್ರಣ್ಣನ ಹತ್ತಿರ ಕಲಿಯುತ್ತಿದ್ದೇನೆ. ಎರಡು ಬೆರಳಲ್ಲಿ ಟೈಪ್ ಮಾಡುತ್ತಾರೆ, ಆದರೆ ತಪ್ಪು ಮಾಡುವುದಿಲ್ಲ. ಹತ್ತು ಬೆರಳಿನವಳು ನಾನು ನಾಲ್ಕು ಸಲ ತಪ್ಪಿದೆ. ಗೇಟಿನ ಪ್ರಶ್ನೆಯನ್ನೂ ಬದಲಿಸಿದೆವು. 'ಹೆಸರೇನು' ಅಲ್ಲ. 'ನೀವು ಯಾರು? ಇವತ್ತು ಯಾರ ಜಾಗದಲ್ಲಿ?'

ಸೆಪ್ಟೆಂಬರ್ 16, ಮಂಗಳವಾರ

ಹೊಸ ಪಟ್ಟಿಯ ಮೊದಲ ದಿನ. ಗೇಟಿಗೆ ನಾನೂ ಹೋದೆ. ಸಾಗರಸಿರಿಯ ಸಾಲಿನಲ್ಲಿ ನೀಲಿ ಕ್ಯಾಪು. ಗೇರ್‌ಬಾಕ್ಸ್ ಇನ್ನೂ ಬಂದಿಲ್ಲವಂತೆ. ತಾಯಿ ಬಿಡದ ಕಾರಣ ಉದಯನೂ ಬಂದಿಲ್ಲ.

"ಉದಯ" ಎಂದ, ಅಭ್ಯಾಸಬಲ.

ನಾನು ಬರೆಯದೆ ಸುಮ್ಮನೆ ನಿಂತೆ. ಹಿಂದೆ ಐವತ್ತು ಜನ ಇದ್ದರು. ನಿಂತೇ ಇದ್ದೆ.

"ಅರುಣ" ಎಂದ. "ಉದಯನ ಜಾಗದಲ್ಲಿ." ಆಮೇಲೆ ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದ. ಹೊಸ ಡಬ್ಬಿ, ಹಸಿರು ರಬ್ಬರ್ ಬ್ಯಾಂಡ್.

ಮೂರು ಬಂದರು ಸೇರಿ ಹೋದವರು 397. ಬದಲಿ 23. ಇಪ್ಪತ್ತಮೂರು! ಇಷ್ಟು ದಿನ ಇವರೆಲ್ಲ ಎಲ್ಲಿ ಅಡಗಿದ್ದರು?

ಸಂಜೆ ಐದಕ್ಕೆ ವಾಪಸಾದವರು 371. ಐದೂಮುಕ್ಕಾಲಿಗೆ 390. ಕಲ್ಪನಾ ಬ್ಯಾಗು ಹೆಗಲಿಗೇರಿಸಿಕೊಂಡು, ಬರೂದಿಲ್ಯಾ ಎಂದು ಕೇಳಿ ಹೋದಳು. ಆರೂಕಾಲಿಗೆ 396.

ಬಾಕಿ ಇದ್ದವನು ಕಾಗಾಲದ ಕುಪ್ಪ. ಅವನ ಬೋಟು ಬಂದು ಕಟ್ಟಿಯಾಗಿತ್ತು. ತಾಂಡೇಲನಿಗೆ ಫೋನ್ ಮಾಡಿದೆ. ದಾರಿಯಲ್ಲಿ ತದಡಿಯ ಬೋಟೊಂದು ಸಿಕ್ಕಿತು, ಮನೆಗೆ ಹತ್ತಿರ ಎಂದು ಅದಕ್ಕೆ ಹತ್ತಿದ ಎಂದ. ತದಡಿಯ ಗೇಟಿಗೆ ಮಾಡಿದೆ. ಆ ಬೋಟು ಸಂಘದ್ದಲ್ಲ, ಇನ್ನೂ ಬಂದಿಲ್ಲ ಎಂದರು. ರವೀಂದ್ರಣ್ಣ ಚಹಾ ತಂದಿಟ್ಟು ಎದುರು ಕೂತರು. ಆರು ಐವತ್ತಕ್ಕೆ ಕುಪ್ಪನೇ ಮಾತಾಡಿದ, ತದಡಿ ಗೇಟಿನವರ ಫೋನಿನಲ್ಲಿ.

"ಎಂತದೇ ತಂಗಿ, ನನ್ನ ಹೆಂಡ್ತಿನೂ ಇಷ್ಟು ಹುಡ್ಕೂದಿಲ್ಲಲ!"

397. ಬಾಗಿಲು ಹಾಕಿದೆವು.

ಯಾಕೆ ಇಷ್ಟು ತಡ ಎಂದು ಅಮ್ಮ ಕೇಳಿದಳು. ಒಬ್ಬ ಬಾಕಿ ಇದ್ದ ಎಂದೆ.